ಮಳೆ ನಿನ್ನ ಅಪ್ಪನಿಗಾಗಿ ಅಳಲಿಲ್ಲ

ಪ್ರೀತಿಯ ತಂಗೀ,

ನಿನ್ನ ಕತೆ ತಲುಪಿ ಹದಿನೈದು ದಿನವಾಯಿತು. ಮೊದಲ ಸಲ ಓದಿ ಮುಗಿಸಿದಾಗ ಉತ್ತರ ಬರೆಯಲು ಕೈ ಬರಲಿಲ್ಲ, ಎದ್ದು ತೋಟಕ್ಕೆ ಹೋದೆ. ಅಪ್ಪನನ್ನು ಕಳೆದುಕೊಂಡ ಮಗಳ ಬರಹದಲ್ಲಿ ತಪ್ಪು ಹುಡುಕುವುದು ಹೇಗೆ ಎಂಬ ಸಂಕಟ. ಆದರೆ ನೀನು ಸಮಾಧಾನದ ಮಾತು ಕೇಳಿರಲಿಲ್ಲ. "ಇದು ಕತೆ ಆಗಿದೆಯಾ, ನಿಜ ಹೇಳಿ" ಎಂದು ಕೇಳಿದ್ದೆ. ಹಾಗಾಗಿ ನಿಜವನ್ನೇ ಹೇಳುತ್ತೇನೆ.

ಮೂರನೆಯ ಪುಟದಲ್ಲಿ ಒಂದು ಸಾಲಿದೆ. ಅಪ್ಪನ ಅಡಿಕೆಹಾಳೆಯ ಟೊಪ್ಪಿ ಇನ್ನೂ ಕೊಟ್ಟಿಗೆಯ ಗೂಟದಲ್ಲೇ ಇದೆ, ಹಣೆ ತಾಗುವ ಜಾಗ ಬೆವರಿಗೆ ಕಪ್ಪಾಗಿದೆ, ಅಮ್ಮ ಅದನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅಷ್ಟು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಆಮೇಲೆ ಒಂದೂವರೆ ಪುಟ ಆಕಾಶ ಅಳುತ್ತದೆ, ಅಡಿಕೆ ಮರಗಳು ತಲೆ ತಗ್ಗಿಸುತ್ತವೆ, ಶರಾವತಿ ಬಿಕ್ಕುತ್ತಾಳೆ. ತಂಗೀ, ಆಷಾಢದ ಮಳೆ ನಿನ್ನ ಅಪ್ಪನಿಗಾಗಿ ಅಳಲಿಲ್ಲ. ಅವರಿದ್ದಾಗಲೂ ಅದು ಹಾಗೇ ಹೊಯ್ಯುತ್ತಿತ್ತು. ಆ ವರ್ಷ ಮಳೆ ಬಿಡುವು ಕೊಡದೆ, ಎರಡನೇ ಸಲ ಮೈಲುತುತ್ತದ ಔಷಧಿ ಹೊಡೆಸಲು ಮರ ಹತ್ತುವ ಕೊನೆಗಾರ ಸಿಗದೆ, ಅಡಿಕೆಗೆ ಕೊಳೆರೋಗ ಬಂದು ಅರ್ಧ ಫಸಲು ಉದುರಿತು ಎಂದು ಕತೆಯ ಜೊತೆಗಿಟ್ಟ ಕಾಗದದಲ್ಲಿ ನೀನೇ ಬರೆದಿದ್ದೀಯ. ಕತೆಯಲ್ಲಿ ಅದು ಯಾಕಿಲ್ಲ? ಹದಿಮೂರು ಕಳೆಯುವ ಮೊದಲೇ ಅಮ್ಮನಿಗೆ ಔಷಧಿ ಹೊಡೆಸುವ ಚಿಂತೆ ಹತ್ತಿತು, ಅದನ್ನು ಬಾಯಿಬಿಟ್ಟು ಹೇಳಲು ಅವರು ನಾಚಿಕೊಂಡರು. ಆ ನಾಚಿಕೆಯಲ್ಲಿರುವ ದುಃಖವನ್ನು ಯಾವ ಮೋಡ ಹೇಳೀತು?

ಇದನ್ನು ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು. ನಮ್ಮದು ಮುಳುಗಡೆಯ ಮನೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಲ್ಲಿ ನನಗೆ ಒಂಬತ್ತು ವರ್ಷ. ಜಲಾಶಯದ ಪೂರ್ಣಮಟ್ಟ 1,819 ಅಡಿ. ನಮ್ಮ ಕಡೆಯ ಮುದುಕರಿಗೆ ತಮ್ಮ ಹುಟ್ಟಿದ ವರ್ಷ ಮರೆತರೂ ಈ ಸಂಖ್ಯೆ ಮರೆಯುವುದಿಲ್ಲ. ಅಪ್ಪ ಮನೆಯ ಹೆಂಚು ಇಳಿಸಿ, ಬಾಗಿಲು ಕಿತ್ತು ಗಾಡಿಗೆ ಹೇರಿದ. ಕಾಲೇಜಿನ ದಿನಗಳಿಂದಲೇ ನಾನು ಅದರ ಬಗ್ಗೆ ಪದ್ಯ ಬರೆಯುತ್ತಾ ಬಂದೆ. ಎಲ್ಲದರಲ್ಲೂ ಹೊಳೆ ಒಂದೋ ತಾಯಿ, ಇಲ್ಲವೇ ಮಕ್ಕಳನ್ನು ನುಂಗಿದ ಮಾರಿ. ಹೊಳೆಗೆ ನಮ್ಮ ಮೇಲೆ ಪ್ರೀತಿಯೂ ಇರಲಿಲ್ಲ, ಹಗೆಯೂ ಇರಲಿಲ್ಲ. ಗೋಡೆ ಕಟ್ಟಿದರು, ನೀರು ನಿಂತಿತು.

ನಲವತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿಯ ಉಪ್ಪಿನಕಾಯಿ ಭರಣಿ ನೆನಪಾಯಿತು. ನಮ್ಮ ಮನೆಯ ಕೆಳಗೆ ಹೊಳೆದಂಡೆಯಲ್ಲಿ ಒಂದು ಅಪ್ಪೆಮಿಡಿ ಮಾವಿನ ಮರ. ಮುಳುಗುವ ವರ್ಷವೂ ಅದು ಎಂದಿನಂತೆ ಕಾಯಿ ಬಿಟ್ಟಿತು, ಅದಕ್ಕೇನು ಗೊತ್ತು. ಅಜ್ಜಿ ಆಳು ಹತ್ತಿಸಿ ಬುಟ್ಟಿಯಲ್ಲಿ ಮಿಡಿ ಇಳಿಸಿಕೊಂಡಳು. ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಲ್ಲಿ ಕೊಳೆಯುತ್ತದೆ, ತೊಟ್ಟು ಕಳಚಿದರೆ ಸೊನೆ ಸೋರಿ ಪರಿಮಳ ಹೋಗುತ್ತದೆ. ಜಗಲಿಯ ಮೇಲೆ ಹರಡಿ ಒಂದೊಂದನ್ನೇ ಎತ್ತಿ ನೋಡಿ ಆರಿಸುತ್ತಿದ್ದಳು. ತಲೆಯ ಮೇಲೆ ಹೆಂಚಿರಲಿಲ್ಲ, ಬಿಸಿಲು ನೇರ ಅವಳ ಬೆನ್ನಿಗೆ ಬೀಳುತ್ತಿತ್ತು. ಅವಳು ಅತ್ತದ್ದು ನನಗೆ ನೆನಪಿಲ್ಲ. "ಇದರ ತೊಟ್ಟು ಹೋಗಿದೆ, ಆಚೆ ಇಡು" ಎಂದದ್ದು ನೆನಪಿದೆ. ಆ ಭರಣಿಯನ್ನು ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಮೂರು ವರ್ಷ ಬಳಸಿದೆವು. ಕೊನೆಯ ಎರಡು ಮಿಡಿಯನ್ನು ಹೊಸ ಜಾಗದಲ್ಲಿ ಅಪ್ಪ ಅಡಿಕೆ ಸಸಿ ನೆಟ್ಟ ದಿನ ಬಡಿಸಿದಳು. ಆ ಮರದ ರುಚಿ ಅಲ್ಲಿಗೆ ಮುಗಿಯಿತು.

ಅದನ್ನು ಬರೆದೆ. ನಾಲ್ಕು ಪುಟವೂ ಆಗಲಿಲ್ಲ. ಮುಳುಗಡೆಯಾಗಿ ಬಂದು ಹಕ್ಕುಪತ್ರವಿಲ್ಲದೆ ಕೂತ ಎಷ್ಟೋ ಮನೆಗಳಿಂದ ಕಾಗದ ಬಂತು. ನನ್ನ ಪದ್ಯಗಳಿಗೆ ಯಾರೂ ಒಂದು ಕಾರ್ಡೂ ಹಾಕಿರಲಿಲ್ಲ.

ಈಗ ನಿನ್ನ ಸಿಟ್ಟಿನ ವಿಷಯ. ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. "ಅಪ್ಪ ಹೋಗಿ ಎರಡು ವರ್ಷಕ್ಕೆ ಬಂತು, ಅದರ ಮೇಲೆ ಕಾಲಿಡಲು ನನಗೆ ಇವತ್ತಿಗೂ ಆಗುತ್ತಿಲ್ಲ" ಎಂದು ಬರೆದಿದ್ದೀಯ. ಸಿಟ್ಟು ಬಿಡು, ದೇವರಿಚ್ಛೆ ಎನ್ನುವವರ ಮಾತು ಕೇಳಬೇಡ. ಮುಳುಗಡೆಯಿಂದ ಸೇತುವೆಯವರೆಗೆ ಅರವತ್ತೊಂದು ವರ್ಷ, ಅಷ್ಟೂ ಕಾಲ ಹಿನ್ನೀರಿನ ಆಚೆಯವರು ದಡ ದಾಟಿಸುವ ಲಾಂಚಿನ ಹೊತ್ತು ನೋಡಿಕೊಂಡೇ ಕಾಯಿಲೆ ಬೀಳಬೇಕಿತ್ತು. ಆ ಸಿಟ್ಟು ನ್ಯಾಯವಾದದ್ದು. ಆದರೆ ಕತೆಯಲ್ಲಿ ಅದನ್ನು ನೀನು ಕೂಗಿದ್ದೀಯ. ಕೂಗು ಬೇಡ, ಹೊತ್ತು ಬರೆ. ಎದೆನೋವು ಶುರುವಾದದ್ದು ಎಷ್ಟು ಗಂಟೆಗೆ, ಕೊನೆಯ ಲಾಂಚ್ ಎಷ್ಟಕ್ಕೆ ಹೋಗಿತ್ತು, ಜೀಪು ಯಾರ ಮನೆಯದು, ನಿಟ್ಟೂರಿನ ಮೇಲೆ ಹೊಸನಗರದ ದಾರಿ ಸುತ್ತುವಾಗ ಯಾರು ಅಪ್ಪನ ತಲೆ ಹಿಡಿದುಕೊಂಡಿದ್ದರು, ಅವರು ಏನಾದರೂ ಮಾತಾಡಿದರೇ. ನೆನಪಿಲ್ಲದಿದ್ದರೆ ಜೀಪು ಓಡಿಸಿದವರನ್ನು ಕೇಳು. ಬರೆಯುವಾಗ ನಿನ್ನ ಕೈ ನಡುಗುತ್ತದೆ, ಗೊತ್ತು. ನಡುಗಿದ ದಿನ ನಿಲ್ಲಿಸಿ ಅಮ್ಮನ ಜೊತೆ ಅಡಿಕೆ ಸುಲಿ. ಅವರು ಆಗ ಆಡುವ ಮಾತು ಕಿವಿಯಲ್ಲಿಟ್ಟುಕೋ.

ಕೆಲಸ ಬಿಟ್ಟು ಬರೆಯಲು ಕೂರಲೇ ಎಂದು ಕೇಳಿದ್ದೀಯ. ಬೇಡ. ಮನೆಗೆ ಈಗ ನಿನ್ನ ಸಂಬಳ ಬೇಕು, ಬೆಳಗಿನ ಒಂದು ಗಂಟೆ ಬರವಣಿಗೆಗೆ ಸಾಕು.

ಹಿನ್ನೀರು ದಿನದಿನಕ್ಕೆ ಇಳಿಯುತ್ತಿದೆ. ಮುಳುಗಿದ ಕಾಡಿನ ಕರಿಬೊಡ್ಡೆಗಳು ಮೇಲೆದ್ದಿವೆ, ಒಂದೊಂದರ ಮೇಲೂ ನೀರುಕಾಗೆ ರೆಕ್ಕೆ ಒಣಗಿಸುತ್ತಾ ಕೂತಿದೆ. ಮಳೆ ಹಿಡಿಯುವ ಮೊದಲು ಮಡೆನೂರಿನ ಹಳೆಯ ಅಣೆಕಟ್ಟು ಕಾಣಿಸಬಹುದು. ಲಿಂಗನಮಕ್ಕಿಗೂ ಮೊದಲು ಜೋಗದ ವಿದ್ಯುತ್ತಿಗೆಂದು ಕಟ್ಟಿದ್ದು, ಆಮೇಲೆ ಅದೂ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಕೆಲವು ವಾರ ಮೇಲೆ ಬಂದು ಮತ್ತೆ ಒಳಗೆ ಹೋಗುತ್ತದೆ. ಅದನ್ನು ನೋಡಿದಾಗ ದುಃಖಕ್ಕೆ ಹೋಲಿಸಬೇಕು ಎಂದು ನಿನಗೆ ಅನ್ನಿಸೇ ಅನ್ನಿಸುತ್ತದೆ, ನನಗೂ ಪ್ರತಿ ಸಲ ಅನ್ನಿಸಿದೆ. ಅವತ್ತು ಬರೆಯಬೇಡ. ಕಲ್ಲಿನ ಮೇಲೆ ಒಣಗಿದ ಕೆಸರು ಹೇಗೆ ಬಿರುಕು ಬಿಟ್ಟಿದೆ ಎಂದು ನೋಡಿಕೊಂಡು ಬಾ.

ಮೇ ಕೊನೆಗೆ ರಜೆ ಹಾಕಿ ಬಂದರೆ ಒಟ್ಟಿಗೆ ಹೋಗೋಣ. ಹಳೆಯ ಚಪ್ಪಲಿ ತಾ, ದಂಡೆಯ ಹೂಳಿನಲ್ಲಿ ಕಾಲು ಹೂತುಹೋಗುತ್ತದೆ. ಈ ಸಲ ಒಳ್ಳೆಯ ಮಿಡಿ ಸಿಕ್ಕಿತು, ಉಪ್ಪಿನಲ್ಲಿ ಹಾಕಿಟ್ಟಿದ್ದೇವೆ. ಅಮ್ಮನಿಗೆ ಒಂದು ಡಬ್ಬಿ ತೆಗೆದಿಟ್ಟಿದೆ, ಹೋಗುವಾಗ ಮರೆಯದೆ ಕೇಳಿ ತೆಗೆದುಕೋ.

ನಿನ್ನ,
ಅಣ್ಣ