ಜೋಳಿಗೆಯೂ ಚಿಕಿತ್ಸೆಯೇ, ಗೆಳೆಯ

ಪ್ರಿಯ ಗೆಳೆಯ,

ನೀನು ಕಳಿಸಿದ ಎಕ್ಸ್‌ರೇ ನೋಡಿದೆ, ಅದರ ಕೆಳಗೆ ಬರೆದಿದ್ದ ಸಿಟ್ಟನ್ನೂ ಓದಿದೆ. ಹೆಗಲಿನ ಹತ್ತಿರ ತೋಳಿನ ಮೂಳೆ ಮುರಿದಿದೆ ಎಂದವರೇ ಕೈಗೆ ಆಸರೆಯಾಗಿ ಕತ್ತಿಗೊಂದು ಬಟ್ಟೆಯ ಜೋಳಿಗೆ ಕಟ್ಟಿ ಅಮ್ಮನನ್ನು ಮನೆಗೆ ಕಳಿಸಿಬಿಟ್ಟರಲ್ಲ ಎಂಬುದು ನಿನ್ನ ದೂರು. ನಿನ್ನ ತಮ್ಮನಂತೂ ಬೇರೆ ಕಡೆ ಆಪರೇಷನ್ ಮಾಡಿಸಲೇಬೇಕು ಎಂದು ಹಟ ಹಿಡಿದಿದ್ದಾನಂತೆ. ಫಿಸಿಯೋಥೆರಪಿಯ ಕೆಲಸದಲ್ಲಿ ಇಂಥ ತೋಳುಗಳನ್ನು ನೋಡುತ್ತಲೇ ಇರುವ ನನಗೆ ಆ ವೈದ್ಯರ ತೀರ್ಮಾನ ಸರಿಯಾಗಿಯೇ ಕಾಣುತ್ತದೆ.

ವಯಸ್ಸಾದವರಲ್ಲಿ ಸೊಂಟ ಮತ್ತು ಮಣಿಕಟ್ಟು ಬಿಟ್ಟರೆ ಹೆಚ್ಚಾಗಿ ಮುರಿಯುವುದು ಇದೇ ಜಾಗ. ವರದಿಯಲ್ಲಿರುವ 'ಎರಡು ತುಂಡು' ಎಂಬ ಮಾತಿಗೆ ಹೆದರಬೇಡ. 1970ರಲ್ಲಿ ಅಮೆರಿಕದ ಚಾರ್ಲ್ಸ್ ನೀರ್ ಎಂಬ ಶಸ್ತ್ರವೈದ್ಯರು ಮಾಡಿಕೊಟ್ಟ ವಿಂಗಡಣೆ ಅದು. ಮೂಳೆಯ ತಲೆ, ಅದರ ಪಕ್ಕದ ಎರಡು ಉಬ್ಬುಗಳು, ಕೆಳಗಿನ ದಂಡ, ಹೀಗೆ ನಾಲ್ಕು ಭಾಗಗಳು. ಯಾವುದಾದರೂ ಭಾಗ 1 ಸೆಂಟಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಅಥವಾ 45 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಮಾತ್ರ ಅದನ್ನು ಬೇರೆ ತುಂಡೆಂದು ಎಣಿಸುತ್ತಾರೆ.

ಸರಿದಿದ್ದರೆ ಕೂಡಿಸಬೇಡವೇ ಎಂದು ನಿನ್ನ ತಮ್ಮ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. ಬ್ರಿಟನ್ನಿನಲ್ಲಿ ಇದನ್ನೇ ಪರೀಕ್ಷಿಸಿದರು. ಹೀಗೆ ಮೂಳೆ ಸರಿದಿದ್ದ 250 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಜೋಳಿಗೆ. ಅವರ ಸರಾಸರಿ ವಯಸ್ಸು 66. ಎರಡು ವರ್ಷ ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದಾಗ ತೋಳಿನ ಕೆಲಸದಲ್ಲಿ ಎರಡೂ ಗುಂಪುಗಳಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ವಯಸ್ಸಾದವರ ಮೂಳೆಯ ತಲೆ ಒಳಗೆ ಟೊಳ್ಳಾಗಿರುತ್ತದೆ, ಸ್ಕ್ರೂಗೆ ಹಿಡಿತ ಸಿಗುವುದಿಲ್ಲ. ತಲೆ ಕುಸಿದರೆ ಸ್ಕ್ರೂವಿನ ತುದಿ ಅದನ್ನು ತೂರಿಕೊಂಡು ಕೀಲಿನೊಳಗೆ ಇಣುಕುತ್ತದೆ. ಆಮೇಲೆ ಇನ್ನೊಂದು ಆಪರೇಷನ್. ಹೆಗಲಾದರೋ ಎಲ್ಲ ದಿಕ್ಕಿಗೂ ತಿರುಗುವ ಕೀಲು, ಮೂಳೆ ತುಸು ಓರೆಯಾಗಿ ಕೂಡಿದರೂ ನಿಭಾಯಿಸಿಕೊಂಡು ಹೋಗುತ್ತದೆ.

ಆಪರೇಷನ್ ಎಂದೂ ಬೇಡವೆಂದಲ್ಲ. ಚೆಂಡಿನಂತಿರುವ ಮೂಳೆಯ ತಲೆ ಹೆಗಲಿನ ಬಟ್ಟಲಿನಿಂದ ಜಾರಿದ್ದರೆ, ಆ ತಲೆಯೇ ಸೀಳಿದ್ದರೆ, ಚರ್ಮ ಹರಿದಿದ್ದರೆ, ರಕ್ತನಾಳಕ್ಕೆ ಏಟಾಗಿದ್ದರೆ ಮಾತು ಬೇರೆ. ತೀರಾ ಚೂರಾದ ತಲೆಗೆ ಈಗ ಹೆಚ್ಚಾಗಿ ಕೀಲನ್ನೇ ತಿರುವುಮುರುವಾಗಿ ಬದಲಿಸುತ್ತಾರೆ: ಚೆಂಡಿದ್ದಲ್ಲಿ ಬಟ್ಟಲು, ಬಟ್ಟಲಿದ್ದಲ್ಲಿ ಚೆಂಡು. ಫ್ರಾನ್ಸಿನ ಪಾಲ್ ಗ್ರಾಮೋಂ 1980ರ ದಶಕದಲ್ಲಿ ರೂಪಿಸಿದ ಉಪಾಯವಿದು. ಒಳಗಿನ ಸಣ್ಣ ಸ್ನಾಯುಗಳು ಕೈಕೊಟ್ಟರೂ ಹೆಗಲ ಮೇಲಿನ ದೊಡ್ಡ ಸ್ನಾಯುವೊಂದೇ ತೋಳನ್ನು ಎತ್ತುತ್ತದೆ. ಅಮ್ಮನಿಗೆ ಅದರ ಅಗತ್ಯ ನನಗಂತೂ ಕಾಣಲಿಲ್ಲ.

ಈಗ ನಿನ್ನ ಕೆಲಸ. ಮೊಣಕೈವರೆಗೂ, ಎದೆಯ ಪಕ್ಕಕ್ಕೂ ಚರ್ಮ ಕಪ್ಪುನೀಲಿಯಾಗಿ, ಆಮೇಲೆ ಹಳದಿಗೆ ತಿರುಗುತ್ತದೆ. ಒಳಗೆ ಸೋರಿದ ರಕ್ತ ಕೆಳಗಿಳಿಯುವುದು ಅಷ್ಟೇ. ಆದರೆ ಬೆರಳುಗಳು ತಣ್ಣಗಾದರೆ, ಬಿಳಿಚಿಕೊಂಡರೆ, ಮರಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗು. ಉಂಗುರವನ್ನು ಇವತ್ತೇ ತೆಗೆಸು, ಬೆರಳು ಊದಿದ ಮೇಲೆ ಉಂಗುರವನ್ನೇ ಕತ್ತರಿಸಬೇಕಾಗುತ್ತದೆ. ಕೆಲವು ರಾತ್ರಿ ಅಮ್ಮ ಚಪ್ಪಟೆಯಾಗಿ ಮಲಗಲಾರರು. ಬೆನ್ನಿಗೆ ಒತ್ತು ಕೊಟ್ಟು ಅರ್ಧ ಕೂರಿಸು, ಮೊಣಕೈ ಹಿಂದಕ್ಕೆ ಜಾರದಂತೆ ಅದರಡಿ ಒಂದು ದಿಂಬು ಇಡು. ಎಬ್ಬಿಸುವಾಗ ಕಂಕುಳಿಗೆ ಕೈಹಾಕಿ ಎತ್ತಬೇಡ.

ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡುತ್ತಿರಲಿ. ವೈದ್ಯರು ಒಪ್ಪಿದ ಮೇಲೆ, ಸಾಮಾನ್ಯವಾಗಿ ಎರಡು ಮೂರು ವಾರದೊಳಗೆ, ತೂಗು ವ್ಯಾಯಾಮ ಶುರುವಾಗುತ್ತದೆ. ಒಳ್ಳೆಯ ಕೈಯನ್ನು ಮೇಜಿನ ಮೇಲೂರಿ ಅಮ್ಮ ಮುಂದಕ್ಕೆ ಬಾಗಬೇಕು, ಏಟು ಬಿದ್ದ ಕೈಯನ್ನು ಸಡಿಲವಾಗಿ ಇಳಿಬಿಡಬೇಕು. ಆ ಕೈ ತಾನಾಗಿ ಏನೂ ಮಾಡಬಾರದು. ಮೈಯನ್ನು ಹಿಂದೆ ಮುಂದೆ ತೂಗಿದರೆ ಅದೂ ತೂಗುತ್ತದೆ. ನೋಡಲು ಮಕ್ಕಳಾಟ, ಆದರೆ ಹೆಗಲು ಬಿಗಿದುಕೊಳ್ಳದಂತೆ ಕಾಯುವುದು ಇದೇ. ನೋವಾದೀತೆಂದು ತಿಂಗಳುಗಟ್ಟಲೆ ಜೋಳಿಗೆಯಲ್ಲೇ ಇಟ್ಟ ಕೈಗಳನ್ನು ಆಮೇಲೆ ಬಿಡಿಸಲು ನಾನು ಪಡುವ ಪಾಡು ನನಗೇ ಗೊತ್ತು! ಭಾರ ಎತ್ತುವುದು ಸುಮಾರು ಮೂರು ತಿಂಗಳ ಮೇಲಿನ ಮಾತು. ತೋಳು ಸುಧಾರಿಸುತ್ತಾ ಒಂದು ವರ್ಷವೇ ಹಿಡಿದೀತು. ತಲೆ ಬಾಚಿಕೊಳ್ಳುವಷ್ಟು ಎದ್ದರೂ ಮೇಲಿನ ಅಟ್ಟಕ್ಕೆ ಮೊದಲಿನಂತೆ ಎಟುಕದೆ ಹೋಗಬಹುದು. ಇದನ್ನು ಅಮ್ಮನಿಗೆ ಈಗಲೇ ಹೇಳಿಬಿಡು.

ಇನ್ನೊಂದು ವಿಷಯ. ನಿಂತಲ್ಲಿಂದ ಬಿದ್ದು ಮೂಳೆ ಮುರಿದಿದೆ ಎಂದರೆ ಮೂಳೆ ಸವೆದಿದೆ ಎಂದೇ ಅನುಮಾನಿಸಬೇಕು. ತೋಳು ನೋಡುವ ಗಡಿಬಿಡಿಯಲ್ಲಿ ಇದನ್ನು ಮರೆಯುವವರೇ ಹೆಚ್ಚು. ಮುಂದಿನ ಬಾರಿ ಸೊಂಟ ಮುರಿದರೆ ಜೋಳಿಗೆಯಿಂದ ಮುಗಿಯುವುದಿಲ್ಲ. ಮತ್ತೊಂದು ಎಕ್ಸ್‌ರೇಗೆ ಹೋದಾಗ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆಸಿಕೋ, ವಿಟಮಿನ್ ಡಿ ಎಷ್ಟಿದೆ ಎಂದು ಕೇಳು, ವಾರಕ್ಕೊಮ್ಮೆ ನುಂಗುವ ಅಥವಾ ವರ್ಷಕ್ಕೊಮ್ಮೆ ಕೊಡುವ ಮೂಳೆಯ ಔಷಧಿ ಬೇಕೇ ಎಂದೂ ಕೇಳು. ಅಮ್ಮ ನಿದ್ದೆಗೆ, ರಕ್ತದೊತ್ತಡಕ್ಕೆ ನುಂಗುವ ಮಾತ್ರೆಗಳ ಚೀಟಿಯನ್ನೂ ತೆಗೆದುಕೊಂಡು ಹೋಗು. ತಲೆ ಸುತ್ತಿ ಬಿದ್ದರೋ, ಕಾಲು ಎಡವಿ ಬಿದ್ದರೋ ಎಂಬುದನ್ನು ನೀನು ಬರೆದೇ ಇಲ್ಲ. ಅವರನ್ನೇ ಕೇಳಿ ತಿಳಿಸು.

ನಿನ್ನ ಗೆಳೆಯ