ಈ ಮಳೆಗಾಲದಿಂದ ಅಂಬ್ರೆಲಾ ಪಾಮ್ ಬದಲು ಚಾಪೆ ಜೊಂಡು

ಆತ್ಮೀಯ ಗ್ರಾಹಕರೇ,

ಈ ಮಳೆಗಾಲದಿಂದ ನಮ್ಮ ನರ್ಸರಿಯಲ್ಲಿ ಅಂಬ್ರೆಲಾ ಪಾಮ್ ಸಿಗುವುದಿಲ್ಲ. ಕೊಳಕ್ಕೆ ಗಿಡ ಬೇಕು ಅಂತ ಬರುವವರು ಮೊದಲು ಕೇಳುವುದೇ ಅದನ್ನು. ಹಾಗಾಗಿ ಕಾರಣ ಹೇಳಲೇಬೇಕು.

ಹೆಸರಲ್ಲಿ ಪಾಮ್ ಇದ್ದರೂ ಅದೂ ಜೊಂಡಿನ ಕುಟುಂಬದ್ದೇ. ಆದರೆ ಮೂಲ ಆಫ್ರಿಕಾ ಕಡೆಯದು. ಅದರ ಕೊಡೆಯಂಥ ತಲೆ ಬಾಗಿ ನೀರಿಗೆ ತಾಗಿದರೆ ಸಾಕು, ಅಲ್ಲೇ ಬೇರು ಬಿಟ್ಟು ಹೊಸ ಸಸಿ ಏಳುತ್ತದೆ. ಮುರಿದ ತಲೆ ತೇಲಿಕೊಂಡು ಹೋಗುತ್ತದೆ. ಜೋರು ಮಳೆಗೆ ಕೊಳ ಉಕ್ಕಿದರೆ ಚರಂಡಿ, ಅಲ್ಲಿಂದ ರಾಜಕಾಲುವೆ, ಆಮೇಲೆ ಕೆರೆ. ಆಸ್ಟ್ರೇಲಿಯಾದಲ್ಲಿ ತೋಟಕ್ಕೆಂದು ತಂದ ಇದೇ ಗಿಡ ಈಗ ತೊರೆಗಳ ದಂಡೆ ಹಿಡಿದಿದೆ. ನಮ್ಮ ಕೆರೆಗಳಿಗೆ ಅಂತರಗಂಗೆಯ ಕಾಟವೇ ಜಾಸ್ತಿಯಾಗಿದೆ, ಅಲ್ವಾ?

ಅದರ ಬದಲು ಚಾಪೆ ಹೆಣೆಯುವ ಜೊಂಡು ಕೊಡುತ್ತೇವೆ. ಸಸ್ಯಶಾಸ್ತ್ರದ ಹೆಸರು ಸೈಪರಸ್ ಪಂಗೋರೈ. ಭಾರತ, ಶ್ರೀಲಂಕಾ, ನೇಪಾಳ, ಮ್ಯಾನ್ಮಾರ್‌ಗಳ ಹೊಳೆ ದಂಡೆ ಮತ್ತು ಜೌಗಿನಲ್ಲಿ ತಾನಾಗಿ ಬೆಳೆಯುತ್ತದೆ. ತಮಿಳುನಾಡಿನ ತಾಮ್ರಪರ್ಣಿ ನದಿ ದಂಡೆಯ ಪತ್ತಮಡೈ ಚಾಪೆ ಇದರದ್ದೇ. 2018ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಪಡೆದ ಪಶ್ಚಿಮ ಬಂಗಾಳದ ಮಾದುರ್‌ಕಾಠಿ ಚಾಪೆಯ ಜೊಂಡೂ ಇದೇ ಜಾತಿ.

ಜೊಂಡು ಸುಮ್ನೆ ಅಂದಕ್ಕೆ ನಿಂತ ಹುಲ್ಲಲ್ಲ. ಕೆಸರಿನೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಜೊಂಡಿನೊಳಗಿನ ಗಾಳಿಗೂಡುಗಳು ಮೇಲಿನ ಆಮ್ಲಜನಕವನ್ನು ಬೇರಿನವರೆಗೂ ಇಳಿಸುತ್ತವೆ. ಬೇರಿನ ಸುತ್ತ ಸೂಕ್ಷ್ಮಜೀವಿಗಳು ಬದುಕಿ ಕೊಳೆ ಕರಗಿಸುತ್ತವೆ. ಅಡ್ಡಕ್ಕೆ ಹರಡುವ ಗಡ್ಡೆ ದಂಡೆಯ ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಿಂದ ಮೇಲೆ ಬಂದು ರೆಕ್ಕೆ ಬಿಚ್ಚಲು ಇಂಥದ್ದೇ ಕಾಂಡ ಹತ್ತಬೇಕು. ಆ ಮರಿ ಸೊಳ್ಳೆಮರಿ ತಿನ್ನುತ್ತದೆ ಅನ್ನುವುದನ್ನು ಮನೆಯಲ್ಲಿ ಕೊಳ ಇಟ್ಟವರು ಮರೆಯಬಾರದು.

ಒಂದು ವಿಷಯ ಖಚಿತವಾಗಿ ಹೇಳುತ್ತೇವೆ. ಕೆರೆಯಿಂದ ಕಿತ್ತು ತಂದ ಗಿಡ ನಾವು ಮಾರುವುದಿಲ್ಲ. ದಂಡೆಯಲ್ಲಿ ಒಂದು ಬುಡ ಕಿತ್ತರೆ ಅಲ್ಲಿ ಮಣ್ಣು ಬಯಲಾಗಿ ಕೊಚ್ಚಿ ಹೋಗುತ್ತದೆ. ನಮ್ಮ ಮಡಿಗಳಲ್ಲೇ ಗಡ್ಡೆ ಒಡೆದು ಬೆಳೆಸುತ್ತೇವೆ. ಅದಕ್ಕೆ ಸಮಯ ಬೇಕು, ಬೆಲೆಯೂ ಸ್ವಲ್ಪ ಜಾಸ್ತಿ. ಗಡ್ಡೆ ಮಳೆಗಾಲದಲ್ಲಿ ಮಾತ್ರ ಸಿಗುತ್ತದೆ.

ಬಿಸಿಲು ಬೀಳುವ ಕಡೆ, 2–4 ಇಂಚು ನೀರಿನಲ್ಲಿ ಕುಂಡ ಇಡಿ. ಕೊಳದ ತುಂಬ ಹರಡದಂತೆ ಕುಂಡದಲ್ಲೇ ಇರಲಿ. ಬೇಸಿಗೆಯಲ್ಲಿ ನೀರು ಇಳಿದು ಮೇಲೆ ಒಣಗಿದರೂ ಗಾಬರಿ ಬೇಡ. ಗಡ್ಡೆ ಜೀವ ಹಿಡಿದಿರುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ.

ನಿಮ್ಮಲ್ಲಿ ಈಗಾಗಲೇ ಅಂಬ್ರೆಲಾ ಪಾಮ್ ಇದ್ದರೆ ತಲೆ ಬಾಗುವ ಮೊದಲೇ ಕತ್ತರಿಸಿ. ಕತ್ತರಿಸಿದ್ದನ್ನು ಚರಂಡಿಗೆ ಎಸೆಯಬೇಡಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ ಗೊಬ್ಬರಕ್ಕೆ ಹಾಕಿ. ಗಿಡವನ್ನೇ ತೆಗೆಯುವುದಾದರೆ ಬುಡ ಸಮೇತ ನರ್ಸರಿಗೆ ತನ್ನಿ. ಬದಲಿಗೆ ಜೊಂಡಿನ ಒಂದು ಕುಂಡ ಹಣ ತೆಗೆದುಕೊಳ್ಳದೆ ಕೊಡುತ್ತೇವೆ.

ನಿಮ್ಮ ನರ್ಸರಿ ಬಳಗ