ಭಾನುವಾರದವರೆಗೆ ಫಾರ್ವರ್ಡ್ ಬೇಡ

ಎಲ್ಲರಿಗೂ ನಮಸ್ಕಾರ. ನಿನ್ನೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಶುರುವಾದ ವಾದ ರಾತ್ರಿ ಹನ್ನೊಂದೂವರೆಯಾದರೂ ನಮ್ಮ ಈ ವಾಕಿಂಗ್ ಗ್ರೂಪ್‌ನಲ್ಲಿ ಮುಗಿಯಲಿಲ್ಲ. ಭಾರಿ ಶ್ರೀಮಂತರ ಮೇಲೆ ತೆರಿಗೆ ಜಾಸ್ತಿ ಮಾಡಬೇಕಾ ಅನ್ನುವುದು ಒಳ್ಳೆಯ ವಿಷಯವೇ. ಭಾನುವಾರ ವಾಕಿಂಗ್ ಮುಗಿಸಿ 7.30ಕ್ಕೆ ಕೂತು ಮಾತಾಡೋಣ. ಅಲ್ಲಿಯವರೆಗೆ ಇಲ್ಲಿ ವಿಡಿಯೊ ಹಾಕಬೇಡಿ, ದಯವಿಟ್ಟು.

ಒಂದು ತಿದ್ದುಪಡಿ. 'ಸಂಪತ್ತಿನ ತೆರಿಗೆ ನಮ್ಮಲ್ಲಿ ಇರಲೇ ಇಲ್ಲ' ಅಂತ ಯಾರೋ ಬರೆದಿದ್ದೀರಿ. ಇತ್ತು. 1957ರಲ್ಲಿ ಬಂತು, 2015ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ತೆಗೆದರು. ಕೊನೆಕೊನೆಗೆ 30 ಲಕ್ಷ ಮೀರಿದ ಸಂಪತ್ತಿಗೆ ಶೇ 1 ಕಟ್ಟಬೇಕಿತ್ತು. ತಮಾಷೆ ಏನಂದ್ರೆ, ಒಡವೆ, ಕಾರು, ಖಾಲಿ ಸೈಟು ಲೆಕ್ಕಕ್ಕೆ ಬರುತ್ತಿದ್ದವು, ಷೇರು ಬರುತ್ತಿರಲಿಲ್ಲ! ದೊಡ್ಡ ಕುಳಗಳ ದುಡ್ಡು ಇರುವುದೇ ಷೇರಿನಲ್ಲಿ, ಅಲ್ವಾ? ಹಾಗಾಗಿ ವರ್ಷಕ್ಕೆ ಸಿಕ್ಕಿದ್ದು ಸುಮಾರು ಸಾವಿರ ಕೋಟಿ ಅಷ್ಟೆ. ಸತ್ತವರ ಆಸ್ತಿ ಮೇಲಿನ ತೆರಿಗೆಯೂ ಇತ್ತು, 1985ರಲ್ಲಿ ಹೋಯಿತು.

ನನ್ನ ಮತ ಕೇಳಿದರೆ, ಭಾರಿ ಶ್ರೀಮಂತರ ಮೇಲೆ ತೆರಿಗೆ ಜಾಸ್ತಿ ಹಾಕಬೇಕು. ಗೇಟ್ ಹತ್ತಿರ ಮಲ್ಲಿಗೆ ಮೊಳ ಹಾಕುವ ಅಜ್ಜಿ ಆದಾಯ ತೆರಿಗೆ ಕಟ್ಟಲ್ಲ ನಿಜ. ಆದರೆ ಅವರು ಕೊಳ್ಳುವ ಸೋಪಿಗೂ ಕೋಟ್ಯಧಿಪತಿ ಕೊಳ್ಳುವ ಅದೇ ಸೋಪಿಗೂ ಜಿಎಸ್‌ಟಿ ಒಂದೇ. 'ದುಡ್ಡಿರೋರು ದುಬೈಗೆ ಹೋಗ್ತಾರೆ' ಅನ್ನುವವರ ಮಾತನ್ನೂ ಸುಮ್ನೆ ತಳ್ಳಿಹಾಕುವಂತಿಲ್ಲ. ಅವರೇ ಮೊದಲು ಮಾತಾಡಲಿ.

ಕಾಫಿ ಫ್ಲಾಸ್ಕ್ ನಾನು ತರುತ್ತೇನೆ. ಲೋಟ ನಿಮ್ಮದು.